ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿಯೂ ಬಿಳಿ ರಂಜಕವನ್ನು ನೀರಿನಲ್ಲಿಯೂ ಇಡುವುದೇಕೆ?
ಎರಡನ್ನೂ ಗಾಳಿಯಿಂದ ದೂರವಿಡಬೇಕು. ಆದರೆ ನೀರಿನೊಡನೆ ಅವುಗಳ ವರ್ತನೆ ತೀರ ಬೇರೆ. ಲೋಹವಾದ ಸೋಡಿಯಂ ತನ್ನ ಹೊರಕವಚದ ಒಂದೇ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ, ನೀರು ತಗುಲಿದ ಕೂಡಲೇ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಜನ್ ಉಂಟಾಗುತ್ತವೆ. ಆ ಕ್ರಿಯೆಯಲ್ಲಿ ಹೊಮ್ಮುವ ಶಾಖವೇ ಹೈಡ್ರೋಜನ್ನಿಗೆ ಬೆಂಕಿ ಹೊತ್ತಿಸಬಲ್ಲದು. ಸೀಮೆಎಣ್ಣೆ ಸೋಡಿಯಂ ಜೊತೆ ವರ್ತಿಸುವುದಿಲ್ಲ. ಅಷ್ಟೇ ಮುಖ್ಯವಾಗಿ, ಅದರ ಸಾಂದ್ರತೆ ಸೋಡಿಯಂನದಕ್ಕಿಂತ ಕಡಿಮೆಯಾದ್ದರಿಂದ ಲೋಹದ ತುಂಡು ತೇಲದೆ ಪೂರ್ತಿ ಮುಳುಗಿಯೇ ಇರುತ್ತದೆ. ಈ ಅಂಶವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಅಲೋಹವಾದ ಬಿಳಿ ರಂಜಕವಾದರೋ ಗಾಳಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಅದು ನೀರಿನೊಡನೆ ವರ್ತಿಸುವುದಿಲ್ಲವಾದ್ದರಿಂದ, ದಹನಕ್ಕೆ ಬೇಕಾದ ಗಾಳಿಯ ಆಕ್ಸಿಜನ್ನನ್ನು ತಡೆಯಲು ನೀರೇ ಸಾಕು. ರಂಜಕದ ಇನ್ನೊಂದು ರೂಪವಾದ ಕೆಂಪು ರಂಜಕದ ಜ್ವಲನ ತಾಪ (ಹೊತ್ತಿಕೊಳ್ಳುವ ತಾಪ) 200 ಡಿಗ್ರಿಗಿಂತ ಹೆಚ್ಚಿರುವುದರಿಂದ ಅದನ್ನು ನೀರಿನಲ್ಲಿ ಇಡಬೇಕಾಗಿಲ್ಲ.