ಹಳೆಯ ಕಂಚಿನ ಸಿಂಹದ ಧೂಪದಾನಿಯನ್ನು ಕೊಳ್ಳುವ ಮೊದಲು ಏನನ್ನು ನೋಡಬೇಕು?

ಹನ್ನೆರಡನೆಯ ಶತಮಾನದ ಖುರಾಸಾನಿನದೆಂದು (ಇಂದಿನ ಈಶಾನ್ಯ ಇರಾನ್, ಅಫ್ಘಾನಿಸ್ತಾನಗಳ ಸೀಮೆ) ವರ್ತಕರೊಬ್ಬರು ತೋರಿಸಿರುವ ಗೇಣುದ್ದದ ಕಂಚಿನ ಸಿಂಹವನ್ನು ಕೊಳ್ಳಬಹುದೇ ಎಂದು ತಾವು ಕೇಳಿದ್ದೀರಿ. ಬಹಳ ವರ್ಷಗಳಿಂದ ಇಂಥ ವಸ್ತುಗಳ ಬೆನ್ನು ಹತ್ತಿರುವ ನಾನು ಹೇಳುವುದಿಷ್ಟು: ಮೊದಲು ಅದರ ಹೊಟ್ಟೆಯೊಳಗೆ ಇಣುಕಿ ನೋಡಿ.

ಇಸ್ಲಾಮಿ ಜಗತ್ತಿನ ಕಂಚಿನ ಪ್ರಾಣಿಗಳಲ್ಲಿ ಹೆಚ್ಚಿನವು ಬರಿಯ ಬೊಂಬೆಗಳಲ್ಲ. ಅವು ಧೂಪದಾನಿಗಳು, ಕೈತೊಳೆಯಲು ನೀರೆರೆಯುವ ಗಿಂಡಿಗಳು, ಕಾರಂಜಿಯ ಬಾಯಿಗಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜಾಫರ್ ಇಬ್ನ್ ಮುಹಮ್ಮದ್ ಇಬ್ನ್ ಅಲಿ ಎಂಬ ಕುಶಲಕರ್ಮಿಯು ಹಿಜರಿ 577ರಲ್ಲಿ, ಎಂದರೆ ಕ್ರಿ.ಶ. 1181-82ರಲ್ಲಿ, ಮಾಡಿದ ದೊಡ್ಡ ಸಿಂಹವಿದೆ. ಅದರ ತಲೆಯನ್ನು ತೆಗೆದು ಒಳಗೆ ಕೆಂಡ ಮತ್ತು ಸುಗಂಧದ್ರವ್ಯವನ್ನು ಇಟ್ಟರೆ ಮೈಮೇಲಿನ ಜಾಲಂಧ್ರಗಳಿಂದ ಹೊಗೆ ಹೊಮ್ಮುತ್ತಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿರುವ 1206ರ ಗಿಂಡಿಯಲ್ಲಿ ಡುಬ್ಬದ ಹಸುವೊಂದು ಕರುವಿಗೆ ಹಾಲೂಡುತ್ತಿದೆ, ಅದರ ಬೆನ್ನೇರಿದ ಸಿಂಹವೇ ಗಿಂಡಿಯ ಹಿಡಿ. ಈ ಮೂರನ್ನೂ ಒಂದೇ ಬಾರಿಗೆ ಎರಕ ಹೊಯ್ದುದನ್ನು ಅದರ ಮೇಲಿನ ಬರಹವೇ ಹೇಳಿಕೊಳ್ಳುತ್ತದೆ. (ಹಳ್ಳಿಕಾರ್ ದನಗಳ ನಡುವೆ ಬೆಳೆದ ನನಗೆ ಅದು ನೆಂಟರ ಮನೆಯ ಹಸುವಿನಂತೆ ಕಂಡಿತ್ತು.)

ನಾನು ಮೊದಲು ಕೊಂಡ 'ಸೆಲ್ಜೂಕ್ ಕಾಲದ' (ಆ ಶತಮಾನಗಳಲ್ಲಿ ಇರಾನನ್ನು ಆಳಿದ ತುರ್ಕಿ ಮನೆತನದ ಕಾಲದ) ಸಿಂಹಕ್ಕೆ ಮೈತುಂಬ ಜಾಲಂಧ್ರಗಳಿದ್ದವು, ಆದರೆ ಕೆಂಡವನ್ನು ಹಾಕುವುದಕ್ಕೆ ದಾರಿಯೇ ಇರಲಿಲ್ಲ. ಒದ್ದೆ ಹತ್ತಿಯಿಂದ ಒರೆಸಿದಾಗ ಹಸಿರು ಕಿಲುಬೂ ಬಣ್ಣವಾಗಿ ಹತ್ತಿಗೆ ಹತ್ತಿಕೊಂಡಿತು. ನಿಜವಾದ ಕಿಲುಬು ಲೋಹದಿಂದಲೇ ಬೆಳೆದಿರುವುದರಿಂದ ಹಾಗೆ ಸುಲಭವಾಗಿ ಕೈಗೆ ಬರುವುದಿಲ್ಲ. ಆದರೆ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಲೆ ಕಂಡರೆ ಅದು ಕ್ಲೋರೈಡಿನಿಂದ ಲೋಹವನ್ನು ತಿನ್ನುತ್ತಿರುವ ರೋಗ, ಅದಕ್ಕೆ ಸಂರಕ್ಷಣಾ ತಜ್ಞರೇ ಬೇಕು. ಮಣ್ಣಿನ ತಿರುಳಿನ ಮೇಲೆ ಮೇಣ ಹಚ್ಚಿ, ಅದನ್ನು ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುವ ಎರಕದಲ್ಲಿ ಒಳಗೆ ಉಳಿದ ಸುಟ್ಟ ಮಣ್ಣಿನ ತುಣುಕು ಸಿಕ್ಕರೆ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆಯಿಂದ ಅದು ಸುಟ್ಟ ಕಾಲವನ್ನು ಅಂದಾಜಿಸಬಹುದು. ಮೈಮೇಲಿನ ಬರಹವನ್ನು ಅರಬ್ಬಿ ಬಲ್ಲವರಿಂದ ಓದಿಸಿ. ಹೆಸರಿಲ್ಲದ ಒಡೆಯನಿಗೆ ಶುಭ ಕೋರುವ ಮಾತುಗಳು ಸಾಮಾನ್ಯ. ಅರ್ಥವೇ ಆಗದ ಗೀಚು ಇದ್ದರೆ ಅನುಮಾನಿಸಬೇಕು.

ಇವೆಲ್ಲಕ್ಕಿಂತ ನನ್ನ ಮಟ್ಟಿಗೆ ದೊಡ್ಡದು ಕಾಗದಪತ್ರ. ಅಫ್ಘಾನಿಸ್ತಾನ, ಸಿರಿಯಾಗಳಿಂದ ಕದ್ದು ಸಾಗಿಸಿದ ವಸ್ತುಗಳು ಮಾರುಕಟ್ಟೆಗೆ ಬಂದಿರುವುದರಿಂದ, ಪುರಾವಸ್ತುಗಳ ಕಳ್ಳಸಾಗಣೆಯನ್ನು ತಡೆಯುವ ಯುನೆಸ್ಕೊ ಒಪ್ಪಂದವಾದ 1970ಕ್ಕೂ ಮೊದಲೇ ವಸ್ತುವು ಮೂಲದೇಶದ ಹೊರಗಿತ್ತೆಂಬ ಪುರಾವೆಯನ್ನು ಕೇಳಿ. ಭಾರತದಲ್ಲಿ 1972ರ ಪುರಾವಸ್ತು ಕಾಯಿದೆಯ ಪ್ರಕಾರ ಪುರಾವಸ್ತುಗಳನ್ನು ಮಾರುವವರಿಗೆ ಪರವಾನಗಿ ಇರಬೇಕು, ನೂರು ವರ್ಷ ದಾಟಿದ ಲೋಹಶಿಲ್ಪ ನೋಂದಣಿಯಾಗಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಹಣ ಕೊಡುವ ಮೊದಲು ಒಮ್ಮೆ ವಿಜಯಪುರಕ್ಕೆ ಹೋಗಿ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನು ನೋಡಿ ಬನ್ನಿ. ಆನೆಯನ್ನು ಕಚ್ಚಿ ಹಿಡಿದ ಆ ಸಿಂಹಮುಖದ ಮೇಲೆ ಬಿಸಿಲು ಮಳೆಗಳು ಮೂಡಿಸಿರುವ ಬಣ್ಣವನ್ನು ಕಣ್ಣಲ್ಲಿ ಇಟ್ಟುಕೊಂಡು ವರ್ತಕರ ಬಳಿಗೆ ಮರಳಿ. ಅವರು ತಮ್ಮ ಸಿಂಹದ ಒಳಗನ್ನು ತೋರಿಸಲು ಹಿಂಜರಿದರೆ ಮುಂಗಡವನ್ನೂ ಕೊಡಬೇಡಿ.