ಮಕ್ಕಳಿಗೆ ಭೂಪಟ ಕಲಿಸುವಾಗ ತರಗತಿಯ ನಕ್ಷೆಯಿಂದಲೇ ಶುರು ಮಾಡೋದು ಯಾಕೆ?

ಭೂಪಟ ಅಂದರೆ ಮೇಲಿನಿಂದ ಕಂಡ ನೋಟ ಅನ್ನೋದು ಚಿಕ್ಕ ಮಕ್ಕಳಿಗೆ ತಾನಾಗೇ ಹೊಳೆಯುವುದಿಲ್ಲ, ಅದಕ್ಕೆ. ಮೇಜಿನ ಚಿತ್ರ ಬರೆಯಲು ಹೇಳಿ ನೋಡಿ, ನಾಲ್ಕು ಕಾಲೂ ಬಂದೇ ಬರುತ್ತವೆ. ಅವರು ನೋಡಿರುವುದು ಪಕ್ಕದಿಂದ ತಾನೇ!

ಲೋಟ, ಬೆಂಕಿಪೊಟ್ಟಣ, ರಬ್ಬರು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಸಿ, ಆಮೇಲೆ ಎತ್ತಿಬಿಡಿ. ಉಳಿದ ಗೆರೆಗಳೇ ನಕ್ಷೆ. ಲೋಟ ಬರೀ ಒಂದು ವೃತ್ತ ಆಗಿರುತ್ತದೆ. ಇಷ್ಟು ಗೊತ್ತಾದರೆ ತರಗತಿಯ ನಕ್ಷೆ ಸುಲಭ. ಕಿಟಕಿ ಸರಿಯಾದ ಕಡೆ ಬಂದಿದೆಯಾ ಅಂತ ಮಕ್ಕಳೇ ಎದ್ದುಹೋಗಿ ನೋಡಬಹುದು. ದೇಶದ ಭೂಪಟದಲ್ಲಿ ಅದು ಆಗಲ್ಲ, ಅಲ್ವಾ?

ಇನ್ನೊಂದು, ನಕ್ಷೆಯನ್ನು ಮೊದಲೇ ಗೋಡೆಗೆ ತೂಗುಹಾಕಬೇಡಿ. ನೆಲದ ಮೇಲೆ ಹಾಸಿ, ನಿಜವಾದ ಉತ್ತರ ದಿಕ್ಕಿಗೆ ಹೊಂದಿಸಿಡಿ. ಗೋಡೆಯಲ್ಲಿದ್ದರೆ ಉತ್ತರ ಅಂದರೆ ಆಕಾಶದ ಕಡೆ ಅಂದುಕೊಳ್ಳುವ ಮಕ್ಕಳಿದ್ದಾರೆ.