ಬಿಸಿಯಾದ್ಮೇಲೆ ಐಡಲ್ ನಿಲ್ತಿಲ್ಲ ಅಂದ್ರೆ ಮೊದ್ಲು ಕಾರ್ಬೊರೇಟರ್ ಫ್ಲ್ಯಾಂಜ್ ನೋಡಿ

ಸರ್, ನಿಮ್ಮ ಹಳೇ ಬುಲೆಟ್ 350 ಚೋಕ್ ಹಾಕಿದ್ರೆ ಚೆನ್ನಾಗಿರುತ್ತೆ, ಬಿಸಿಯಾದ್ಮೇಲೆ ಸಿಗ್ನಲಲ್ಲಿ ಆಫ್ ಆಗುತ್ತೆ, ಐಡಲ್ ಸ್ಕ್ರೂ ಏರ್ಸಿದ್ರೆ ಆರ್‌ಪಿಎಂ ಇಳಿಯೋದೇ ಇಲ್ಲ ಅಂದ್ರಲ್ಲ, ಇದು ಬಹುತೇಕ ಎಲ್ಲಿಂದಲೋ ಗಾಳಿ ಎಳ್ಕೋತಿರೋ ಲಕ್ಷಣ, ಹೊಸ ಕಾರ್ಬೊರೇಟರ್‌ಗೆ ಈಗ್ಲೇ ದುಡ್ಡು ಹಾಕ್ಬೇಡಿ ದಯವಿಟ್ಟು.

ಇದರ ಕಾರ್ಬೊರೇಟರ್, ಮಿಕ್‌ಕಾರ್ಬ್ ವಿಎಂ24, ಇಂಜಿನ್ ಹೆಡ್‌ಗೆ ಎರಡೇ ನಟ್‌ನಲ್ಲಿ ಕೂರೋದು. ಮೆಕ್ಯಾನಿಕ್‌ಗಳು ಜೋರಾಗಿ ಟೈಟ್ ಮಾಡಿ ಮಾಡಿ ಅಲ್ಯೂಮಿನಿಯಂ ಫ್ಲ್ಯಾಂಜ್, ಅಂದ್ರೆ ಹೆಡ್‌ಗೆ ಒತ್ತಿ ಕೂರೋ ಅದರ ಚಪ್ಪಟೆ ಮುಖ, ಬಿಲ್ಲಿನ ಥರ ಬಾಗಿರುತ್ತೆ. ಬಿಚ್ಚಿ, ರಬ್ಬರ್ ಓ-ರಿಂಗ್ ತೆಗೆದು, ಫ್ಲ್ಯಾಂಜ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡೀರಿ, ನಡುವೆ ಬೆಳಕು ಕಂಡ್ರೆ ಅಲ್ಲೇ ಕಳ್ಳ. ದಪ್ಪ ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಇಟ್ಟು ನಿಧಾನಕ್ಕೆ ಉಜ್ಜಿ ಸಮ ಮಾಡಿ, ಪುಡಿ ಚೂರೂ ಉಳೀದಂಗೆ ತೊಳೆದು, ಹೊಸ ಓ-ರಿಂಗ್ ಹಾಕಿ, ನಟ್ ಎರಡೂ ಕಡೆ ಸ್ವಲ್ಪ ಸ್ವಲ್ಪನೇ ಬಿಗಿ ಮಾಡಿ.

ಹೆಂಗೂ ಬಿಚ್ಚಿರ್ತೀರಲ್ಲ, ಪೈಲಟ್ ಜೆಟ್ಟೂ (ಐಡಲ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪಾರ್ಟು) ತೆಗೆದು ಕಾರ್ಬೊರೇಟರ್ ಕ್ಲೀನರ್ ಹೊಡೆದು ಬೆಳಕಿಗೆ ಹಿಡಿದು ನೋಡಿ, ತೂತು ದುಂಡಗೆ ಕಾಣ್ಬೇಕು. ಪಿನ್ ಮಾತ್ರ ಬೇಡ, ತೂತು ದೊಡ್ಡದಾದ್ರೆ ಜೆಟ್ಟೇ ವೇಸ್ಟು.

ಟ್ಯೂನಿಂಗ್ ಇಂಜಿನ್ ಪೂರ್ತಿ ಬಿಸಿಯಾದ್ಮೇಲೇ ಮಾಡಿ. ಏರ್ ಸ್ಕ್ರೂ (ಐಡಲ್‌ನಲ್ಲಿ ಗಾಳಿ ಎಷ್ಟು ಸೇರ್ಬೇಕು ಅಂತ ಹೊಂದಿಸೋ ಸ್ಕ್ರೂ) ಮೆತ್ತಗೆ ಕೊನೆವರೆಗೂ ಒಳಕ್ಕೆ ತಿರುಗಿಸಿ, ಸುಮಾರು ಒಂದೂವರೆ ಸುತ್ತು ಹೊರಗೆ ತನ್ನಿ, ಅಲ್ಲಿಂದ ಕಾಲು ಕಾಲು ಸುತ್ತು ಆಕಡೆ ಈಕಡೆ ಮಾಡ್ತಾ ಐಡಲ್ ಎಲ್ಲಿ ಹೆಚ್ಚು ಏರುತ್ತೋ ಅಲ್ಲೇ ಬಿಟ್ಟು, ಆಮೇಲೆ ಐಡಲ್ ಸ್ಕ್ರೂ ಇಳಿಸಿ. ಆಗ್ಲೂ ಆಫ್ ಆದ್ರೆ ಟ್ಯಾಪೆಟ್ (ವಾಲ್ವ್) ಗ್ಯಾಪ್, ಕಿಡಿ ಹೊತ್ತಿಸೋ ಪಾಯಿಂಟ್ ಗ್ಯಾಪ್ ನೋಡಿ, ಪ್ಲಗ್ ಬಣ್ಣ ಹೇಳಿ, ಮುಂದಕ್ಕೆ ಹುಡುಕೋಣ.